ಎಲ್ಲ ವಾರ್ನಿಂಗಿಗೂ ಒಂದೇ ಮದ್ದೇ?

ಪ್ರಶ್ನೆ: ಬೆಂಗಳೂರಿನ ಕಂಪನಿಯೊಂದಕ್ಕೆ ಸೇರಿ ಇನ್ನೂ ವರ್ಷ ತುಂಬಿಲ್ಲ. ಯಾವ ಕಾಲದ್ದೋ ಒಂದು ಸಿ ಕೋಡು ನನ್ನ ತಲೆಗೆ ಬಂದಿದೆ. ಜಿಸಿಸಿ ಕಂಪೈಲರಿನ 14ನೇ ಆವೃತ್ತಿ ಹಾಕಿಕೊಂಡ ಮೇಲೆ ಬಿಲ್ಡೇ ಆಗುತ್ತಿಲ್ಲ. ಸೀನಿಯರ್ ಒಬ್ಬರು, ‘ಡ್ಯಾಶ್ ಸಣ್ಣ ಡಬ್ಲ್ಯೂ ಹಾಕು, ಎಫ್-ಪರ್ಮಿಸಿವ್ ಹಾಕು, ಎಲ್ಲ ಬಾಯಿ ಮುಚ್ಕೊಳ್ಳತ್ತೆ’ ಎಂದರು. ನನಗೆ ಮನಸ್ಸೊಪ್ಪಲಿಲ್ಲ. ಎರರ್‌ಗಳನ್ನು ನಾನೇ ಸರಿಮಾಡಿ, ಜೊತೆಗೆ ಡಬ್ಲ್ಯೂ-ಆಲ್, ಡಬ್ಲ್ಯೂ-ಎರರ್ ಸೇರಿಸಿ ಚೆಕ್‌ಇನ್ ಮಾಡಿದೆ. ಮರುದಿನ ಯಾರ ಬಿಲ್ಡೂ ಆಗಲಿಲ್ಲ. ಈಗ ಊಟಕ್ಕೂ ಯಾರೂ ಕರೆಯುತ್ತಿಲ್ಲ. ನಾನು ಮಾಡಿದ್ದು ತಪ್ಪೇ?

ಉತ್ತರ: ಮೊದಲು ಊಟದ ವಿಷಯ. 2021ರ ಸೆಪ್ಟೆಂಬರಿನಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕರ್ನಲ್ಲಿಗೆ ವಾರ್ನಿಂಗನ್ನೆಲ್ಲ ಎರರ್ ಮಾಡುವ ಇದೇ ಡಬ್ಲ್ಯೂ-ಎರರನ್ನು ಎಲ್ಲರಿಗೂ ತಾಗುವಂತೆ ಹಾಕಿದ್ದರು. ಬಿಲ್ಡ್‌ಗಳು ಮುರಿದು ಗಲಾಟೆಯಾಗಿ, ಬೇಗನೆ ಅದನ್ನು ಪರೀಕ್ಷೆಯ ಬಿಲ್ಡ್‌ಗಳಿಗಷ್ಟೇ ತಾನಾಗಿ ಅನ್ವಯಿಸುವಂತೆ ಸಡಿಲಿಸಬೇಕಾಯಿತು. ನಿಮ್ಮ ಉದ್ದೇಶದಲ್ಲಿ ಐಬಿಲ್ಲ. ಹೇಳದೆ ಕೇಳದೆ ಹೇರಿದ್ದೇ ಎಡವಟ್ಟು. ಆ ಡಬ್ಲ್ಯೂ-ಎರರ್ ಸಾಲನ್ನು ಇವತ್ತೇ ತೆಗೆದು, ಒಂದು ‘ಸಾರಿ’ ಹೇಳಿಬಿಡಿ.

ಹಾಗೆಂದು ಸೀನಿಯರ್ ಹೇಳಿದ ಮದ್ದು ಬೇಡ. ಸಣ್ಣ ಡಬ್ಲ್ಯೂ ಎಲ್ಲ ವಾರ್ನಿಂಗನ್ನೂ ಅಡಗಿಸುತ್ತದೆ. ಎಫ್-ಪರ್ಮಿಸಿವ್ ನಿಮ್ಮನ್ನು ತಡೆದಂಥ ಎರರ್‌ಗಳನ್ನು ವಾರ್ನಿಂಗ್ ಮಟ್ಟಕ್ಕೆ ಇಳಿಸುತ್ತದೆ. ಎರಡೂ ಸೇರಿದರೆ ಪೂರ್ತಿ ಮೌನ. ಆ ಮೌನ ಏನನ್ನು ಮುಚ್ಚಿಡುತ್ತದೆ ಎನ್ನುವುದಕ್ಕೆ ಒಂದು ಉದಾಹರಣೆ. ಘೋಷಿಸದ ಫಂಕ್ಷನ್ನನ್ನು ಕರೆದರೆ ಅದು ಇಂಟ್ ಹಿಂದಿರುಗಿಸುತ್ತದೆ ಎಂದುಕೊಳ್ಳುವುದು ಸಿ ಭಾಷೆಯ ಹಳೆಯ ರೂಢಿ. 1999ರ ಸಿ ಮಾನಕವೇ ಅದನ್ನು ಕೈಬಿಟ್ಟಿತು. ಜಿಸಿಸಿ ಮಾತ್ರ ವಾರ್ನಿಂಗ್ ಕೊಟ್ಟು ಸಹಿಸಿಕೊಂಡು, 2024ರಲ್ಲಿ ಬಂದ 14ನೇ ಆವೃತ್ತಿಯಲ್ಲಿ ಎರರ್ ಮಾಡಿತು. ಆ ಫಂಕ್ಷನ್ ನಿಜವಾಗಿ ಪಾಯಿಂಟರ್ ಹಿಂದಿರುಗಿಸುವಂಥದ್ದಾದರೆ, 64 ಬಿಟ್ ಯಂತ್ರದಲ್ಲಿ ಮೇಲಿನ 32 ಬಿಟ್ ಕಳೆದುಹೋಗುತ್ತದೆ. ಅರ್ಧ ವಿಳಾಸ ಹಿಡಿದು ಮನೆ ಹುಡುಕಿದ ಹಾಗೆ. ಕೆಲವೊಮ್ಮೆ ಸಿಕ್ಕೂ ಬಿಡುತ್ತದೆ, ಅದೇ ಅಪಾಯ: ನಿಮ್ಮ ಮೇಜಿನ ಮೇಲೆ ಓಡಿದ್ದು ಗ್ರಾಹಕರ ಹತ್ತಿರ ಕುಸಿಯುತ್ತದೆ.

ಹಾಗಾದರೆ ಏನು ಮಾಡುವುದು? ಬಹುತೇಕ ವಾರ್ನಿಂಗುಗಳ ಕೊನೆಗೆ ಚೌಕ ಆವರಣದಲ್ಲಿ ಅದರದರ ಹೆಸರು ಇರುತ್ತದೆ. ನಿಮ್ಮ ಹಿಡಿಕೆ ಅದೇ. ಡೆಡ್‌ಲೈನ್ ಕತ್ತಿನ ಮೇಲಿದ್ದರೆ ಡಬ್ಲ್ಯೂ-ನೋ-ಎರರ್ ಬರೆದು, ಸಮ ಚಿಹ್ನೆ ಹಾಕಿ ಆ ಒಂದು ಹೆಸರು ಕೊಡಿ. ಅದೊಂದು ಮಾತ್ರ ವಾರ್ನಿಂಗಿಗೆ ಇಳಿಯುತ್ತದೆ, ಕಣ್ಣಿಗೂ ಬೀಳುತ್ತಿರುತ್ತದೆ. ಪೂರ್ತಿ ಅಡಗಿಸಬೇಕಾದದ್ದಕ್ಕೆ ಡಬ್ಲ್ಯೂ-ನೋ ಮುಂದೆ ಹೆಸರು. ಆದರೆ ಇಲ್ಲೊಂದು ಗುಟ್ಟಿದೆ: ಡಬ್ಲ್ಯೂ-ನೋ ಆದಮೇಲೆ ಕಾಗುಣಿತ ತಪ್ಪಿದರೆ ಜಿಸಿಸಿ ಸಾಮಾನ್ಯವಾಗಿ ಚಕಾರ ಎತ್ತುವುದಿಲ್ಲ. ಬೇರೆ ದೂರು ಇದ್ದಾಗಷ್ಟೇ ಇದನ್ನೂ ಹೇಳುತ್ತದೆ.

ಡಬ್ಲ್ಯೂ-ಆಲ್ ಎಂದರೆ ಎಲ್ಲವೂ ಅಲ್ಲ. ಅದರಾಚೆ ಡಬ್ಲ್ಯೂ-ಎಕ್ಸ್‌ಟ್ರಾ ಇದೆ, ಅದರಾಚೆಗೂ ಇವೆ. ಸದ್ಯಕ್ಕೆ ಆಲ್ ಸಾಕು. ಆದರೆ ಓ-2 ಜೊತೆಗೆ ಓಡಿಸಿ, ಬೆಲೆ ಕೊಡದ ವೇರಿಯಬಲ್ ಬಗ್ಗೆ ಕೆಲವು ಎಚ್ಚರಿಕೆಗಳು ಆಪ್ಟಿಮೈಸ್ ಮಾಡಿದಾಗಷ್ಟೇ ಹೊರಬೀಳುತ್ತವೆ. ಹೊರಗಿನ ಲೈಬ್ರರಿಗಳ ಹೆಡರ್ ಫೈಲುಗಳು ಕಿರಿಕಿರಿ ಮಾಡಿದರೆ, ಅವುಗಳ ದಾರಿಯನ್ನು ದೊಡ್ಡ ಐ ಬದಲು ಐ-ಸಿಸ್ಟಮ್ ಮೂಲಕ ಕೊಡಿ. ಅವರ ಮನೆಯ ಜಗಳ ಬಹುಪಾಲು ನಿಮ್ಮ ಪರದೆಗೆ ಬರುವುದಿಲ್ಲ. ಎರರ್‌ಗಳ ಪ್ರವಾಹವಾದರೆ ಡಬ್ಲ್ಯೂ-ಫೇಟಲ್-ಎರರ್ಸ್ ಹಾಕಿ, ಮೊದಲನೆಯದಕ್ಕೇ ನಿಲ್ಲುತ್ತದೆ. ಉಳಿದವು ಎಷ್ಟೋ ಸಲ ಅದರ ಮರಿಗಳೇ.

ಆಮೇಲೆ ಒಂದೊಂದೇ ಹೆಸರು ಹಿಡಿದು ಕೋಡು ತೊಳೆಯಿರಿ. ಉದಾಹರಣೆಗೆ, ರಿಟರ್ನ್-ಟೈಪ್ ಎಂಬ ವಾರ್ನಿಂಗ್ ಪೂರ್ತಿ ಸ್ವಚ್ಛವಾಯಿತೇ? ಡಬ್ಲ್ಯೂ-ಎರರ್ ಸಮ ರಿಟರ್ನ್-ಟೈಪ್ ಎಂದು ಬೀಗ ಹಾಕಿ. ಹೆಸರಿಲ್ಲದ ಬರೀ ಡಬ್ಲ್ಯೂ-ಎರರ್ ನಿಮ್ಮ ಪರೀಕ್ಷಾ ಸರ್ವರಿನಲ್ಲಿ ಇದ್ದರೆ ಇರಲಿ, ಗ್ರಾಹಕರಿಗೆ ಕೊಡುವ ಮೇಕ್‌ಫೈಲಿನಲ್ಲಿ ಬೇಡ. ಅವರ ಕಂಪೈಲರ್ ನಾಳೆ ಹೊಸದೊಂದು ವಾರ್ನಿಂಗ್ ಕಲಿತು ಬರುತ್ತದೆ, ಬಿಲ್ಡ್ ನಿಂತರೆ ಫೋನ್ ಬರುವುದು ನಿಮಗೆ.

ಸೀನಿಯರ್ ಹತ್ತಿರ ವಾದಕ್ಕೆ ಹೋಗಬೇಡಿ. ಆ 32 ಬಿಟ್ ಕಳೆದುಹೋಗುವ ಜಾಗ ನಿಮ್ಮ ಕೋಡಿನಲ್ಲೇ ಎಲ್ಲಿತ್ತೆಂದು ಹುಡುಕಿ ತೋರಿಸಿ, ‘ಸರ್, ಮುಂದಿನದು ಯಾವ ಹೆಸರು ಹಿಡಿಯೋಣ?’ ಎಂದು ಕೇಳಿ. ಮೊದಲ ಬೀಗದ ಚೆಕ್‌ಇನ್ ಅವರ ಕೈಯಿಂದಲೇ ಆಗಲಿ.