ಹಾಲಿನ ಗಾಡಿಗೆ ಸ್ಟೀಲ್ ಬೋಲ್ಟು: ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು



ಬೆಳಗಿನ ಹಾಲು ಡೇರಿಗೆ ಹಾಕಿ ಬಂದ ಮೇಲೆ ಒಂದು ದಿನ ನಿಮ್ಮ ಗಾಡಿಯ ಹಿಂದೆ ಕುಕ್ಕರುಗಾಲಲ್ಲಿ ಕುಳಿತು ನೋಡಿ. ಎಕ್ಸ್‌ಎಲ್ ಆಗಲಿ, ಬೈಕ್ ಆಗಲಿ, ಯಾವುದಾದರೂ ಸರಿ. ನಂಬರ್ ಪ್ಲೇಟಿನ ಎರಡು ಬೋಲ್ಟು, ಮಡ್‌ಗಾರ್ಡ್ ಹಿಡಿದಿರುವ ಬೋಲ್ಟು, ಚೈನ್ ಕವರಿನ ಸ್ಕ್ರೂ, ಕ್ಯಾನ್ ಇಡುವ ಕ್ಯಾರಿಯರ್‌ನ ನಟ್ಟು. ಗಾಡಿ ಕೊಂಡು ಮೂರ್ನಾಲ್ಕು ವರ್ಷವಾಗಿದ್ದರೆ ಇವುಗಳಲ್ಲಿ ಹಲವು ಕೆಂಪಗಾಗಿರುತ್ತವೆ.

‘ಕೆಂಪಾದರೆ ಏನಂತೆ, ಓಡುತ್ತದಲ್ಲ’ ಅಂತ ನಾನೂ ಅಂದುಕೊಂಡಿದ್ದೆ. ಒಂದು ಮಳೆಗಾಲದ ಬೆಳಿಗ್ಗೆ ದಾರಿಯಲ್ಲಿ ಹಿಂದಿನ ಚಕ್ರ ಪಂಕ್ಚರ್ ಆಯಿತು. ಪಂಕ್ಚರ್ ಹಾಕುವವರು ಹತ್ತು ನಿಮಿಷದ ಕೆಲಸ ಅಂದರು. ಚೈನ್ ಕವರಿನ ಬೋಲ್ಟು ತಿರುಗಲೇ ಇಲ್ಲ. ಬಲ ಹಾಕಿದಾಗ ಅದರ ತಲೆ ಮುರಿದು ಕೈಗೆ ಬಂತು. ಉಳಿದ ತುಂಡನ್ನು ಡ್ರಿಲ್ ಹಾಕಿ ತೆಗೆಯುವಷ್ಟರಲ್ಲಿ ಡೇರಿ ಬಾಗಿಲು ಹಾಕಿ ಆಗಿತ್ತು. ಕರೆದ ಹಾಲು ಬೇಗ ಕೂಲರ್ ಸೇರಿ 4 ಡಿಗ್ರಿಗೆ ಇಳಿಯದಿದ್ದರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಹನ್ನೆರಡು ಲೀಟರ್ ಹಾಲು ಮನೆಗೆ ವಾಪಸ್ ಬಂತು. ಆ ವಾರವೆಲ್ಲ ಮನೆಯಲ್ಲಿ ತುಪ್ಪದ ವಾಸನೆ. ಎಲ್ಲಕ್ಕೂ ಕಾರಣ ಒಂದು ಸಣ್ಣ ಬೋಲ್ಟು.

ನನ್ನ ತಮ್ಮ ಲೇತ್ ಕೆಲಸ ಮಾಡುತ್ತಾನೆ. ಎಲ್ಲಾ ಬೋಲ್ಟನ್ನೂ ಕಿತ್ತು ಸ್ಟೀಲಿನದು ಹಾಕಿಕೊಡು ಎಂದು ಅವನ ಹತ್ತಿರ ಹೋದೆ. ‘ಎಲ್ಲಾ ಬೇಡ ಅಕ್ಕ, ಕೆಲವನ್ನು ಬದಲಾಯಿಸಿದರೆ ನಿನಗೇ ಅಪಾಯ’ ಅಂದ. ಅವನಿಂದ ಕಲಿತದ್ದನ್ನೂ, ಆಮೇಲೆ ನಾನೇ ಕೈ ಸುಟ್ಟುಕೊಂಡು ಕಲಿತದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಗಾಡಿಗೇ ಏಕೆ ಇಷ್ಟು ತುಕ್ಕು?

ಕಬ್ಬಿಣಕ್ಕೆ ನೀರು ಮತ್ತು ಗಾಳಿ ಎರಡೂ ಸಿಕ್ಕರೆ ತುಕ್ಕು. ಅದನ್ನು ತಡೆಯಲೆಂದೇ ಕಂಪನಿಯವರು ಬೋಲ್ಟಿಗೆ ಸತುವಿನ ಲೇಪ ಕೊಟ್ಟಿರುತ್ತಾರೆ. ಆ ಲೇಪ ನಮ್ಮ ತಲೆಕೂದಲಿಗಿಂತ ಎಷ್ಟೋ ತೆಳು. ಸ್ಪ್ಯಾನರ್ ಹಾಕಿ ತಿರುಗಿಸಿದ ಕಡೆ ಕೆರೆದು ಹೋಗುತ್ತದೆ. ಅದಕ್ಕೇ ಬೋಲ್ಟಿನ ತಲೆಯ ಮೂಲೆಗಳೇ ಮೊದಲು ಕೆಂಪಾಗುವುದು.

ನಮ್ಮ ಗಾಡಿಗಳಿಗೆ ಇದರ ಜೊತೆಗೆ ಇನ್ನಷ್ಟು ಕಾಟ. ಬಹಳ ಜನ ಗಾಡಿ ನಿಲ್ಲಿಸುವುದು ಕೊಟ್ಟಿಗೆಯ ಮಾಡಿನ ಕೆಳಗೆ. ಗಂಜಲದಲ್ಲಿರುವ ಯೂರಿಯಾ ಒಡೆದು ಅಮೋನಿಯಾ ಆಗುತ್ತದೆ. ಬೆಳಿಗ್ಗೆ ಕೊಟ್ಟಿಗೆ ಬಾಗಿಲು ತೆಗೆದಾಗ ಮೂಗಿಗೆ ಹೊಡೆಯುವ ಘಾಟು ಅದೇ. ತೇವದ ಜೊತೆ ಸೇರಿದ ಅಮೋನಿಯಾ ಸತುವನ್ನೂ ಹಿತ್ತಾಳೆಯನ್ನೂ ತಿನ್ನುತ್ತದೆ. ಮಡ್‌ಗಾರ್ಡಿನ ಒಳಗೆ ಮೆತ್ತಿದ ಸಗಣಿ, ಕೆಸರು ದಿನಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ಕ್ಯಾನಿನಿಂದ ತುಳುಕಿದ ಹಾಲು ಹುಳಿಯಾಗಿ ಆಮ್ಲವಾಗುತ್ತದೆ. ಉಪ್ಪಿನ ಚೀಲ, ಖನಿಜ ಮಿಶ್ರಣ, ಒದ್ದೆ ಹುಲ್ಲಿನ ಹೊರೆ ಬರುವುದೂ ಅದೇ ಕ್ಯಾರಿಯರ್ ಮೇಲೆ. ಕರಾವಳಿಯವರಾದರೆ ಸಮುದ್ರದ ಉಪ್ಪುಗಾಳಿ ಬೇರೆ.

ಹಾಗಾಗಿ ಮೊದಲ ಮದ್ದು ಬೋಲ್ಟು ಅಲ್ಲ, ಜಾಗ. ಗಾಡಿಯನ್ನು ಗಂಜಲದ ಚರಂಡಿಯಿಂದ ದೂರ, ಗಾಳಿಯಾಡುವ ಕಡೆ ನಿಲ್ಲಿಸಿ. ಹಾಲು ಚೆಲ್ಲಿದ ದಿನವೇ ಬರೀ ನೀರಿನಲ್ಲಿ ತೊಳೆದು ಒರೆಸಿ.

ಸ್ಟೀಲ್ ಅಂದರೆ ಯಾವ ಸ್ಟೀಲ್?

ಅಂಗಡಿಯಲ್ಲಿ ‘ಎಸ್‌ಎಸ್ ಬೋಲ್ಟು’ ಅಂದರೆ ಕೊಡುತ್ತಾರೆ. ಎಸ್‌ಎಸ್ ಅಂದರೆ ಸ್ಟೇನ್‌ಲೆಸ್ ಸ್ಟೀಲ್. ಕಬ್ಬಿಣಕ್ಕೆ ನೂರಕ್ಕೆ ಹತ್ತೂವರೆ ಭಾಗಕ್ಕಿಂತ ಹೆಚ್ಚು ಕ್ರೋಮಿಯಂ ಸೇರಿಸಿದರೆ ಅದರ ಮೈಮೇಲೆ ಕಣ್ಣಿಗೆ ಕಾಣದ ಒಂದು ಪೊರೆ ಹುಟ್ಟುತ್ತದೆ. ಗೀಚಿದರೂ ಗಾಳಿ ತಾಗಿ ಮತ್ತೆ ಕಟ್ಟಿಕೊಳ್ಳುತ್ತದೆ, ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ. ಸತುವಿನ ಲೇಪ ಒಮ್ಮೆ ಹೋದರೆ ಹೋಯಿತು, ಇದು ಹಾಗಲ್ಲ. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ ಎಂಬುವರು ಬಂದೂಕಿನ ನಳಿಗೆಗೆ ಸವೆಯದ ಉಕ್ಕು ಹುಡುಕುತ್ತಾ ಇಂಥದ್ದೊಂದನ್ನು ತಯಾರಿಸಿದರು. ಅದು ಬಂದೂಕಿಗಿಂತ ಹೆಚ್ಚಾಗಿ ನಮ್ಮ ಅಡುಗೆಮನೆಗೆ ಬಂತು.

ಹಾಲಿನ ಸ್ಟೀಲ್ ಕ್ಯಾನಿಗೂ ಬಲ್ಕ್ ಕೂಲರ್‌ಗೂ ಸಾಮಾನ್ಯವಾಗಿ ಬಳಸುವುದು 304 ಎಂಬ ಜಾತಿ. ಅದರಲ್ಲಿ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲ್. ಬೋಲ್ಟಿನಲ್ಲಿ ಇದೇ ಜಾತಿಗೆ ‘ಎ2’ ಎಂದು ಹೆಸರು. 316 ಎಂಬ ಜಾತಿಯಲ್ಲಿ ಮಾಲಿಬ್ಡಿನಂ ಕೂಡ ಇರುವುದರಿಂದ ಉಪ್ಪನ್ನು ಇನ್ನೂ ಚೆನ್ನಾಗಿ ತಡೆಯುತ್ತದೆ. ಬೋಲ್ಟಿನಲ್ಲಿ ಅದು ‘ಎ4’. ಉಡುಪಿ, ಮಂಗಳೂರು, ಕುಮಟಾ, ಕಾರವಾರದ ಕಡೆಯವರು ಸಿಕ್ಕರೆ ಎ4 ತೆಗೆದುಕೊಳ್ಳಿ. ಉಳಿದವರಿಗೆ ಎ2 ಸಾಕು.

ಹೊಳೆಯುವುದೆಲ್ಲ ಎಸ್‌ಎಸ್ ಅಲ್ಲ. ಬರೀ ಕ್ರೋಮ್ ಲೇಪದ ಕಬ್ಬಿಣದ ಬೋಲ್ಟೂ ಹೊಳೆಯುತ್ತದೆ. ತಲೆಯ ಮೇಲೆ ಎ2-70 ಅಥವಾ ಎ4-70 ಎಂದು ಇಂಗ್ಲಿಷ್ ಅಕ್ಷರದಲ್ಲಿ ಒತ್ತಿರುವುದನ್ನು ಕೇಳಿ ಪಡೆಯಿರಿ. ಮನೆಯಲ್ಲಿ ಅಯಸ್ಕಾಂತ ಇದ್ದರೆ ಹಿಡಿದು ನೋಡಿ: ಈ ಜಾತಿಯದು ಅಂಟುವುದಿಲ್ಲ, ಅಂಟಿದರೂ ಸ್ವಲ್ಪವೇ. ಪಟಕ್ಕನೆ ಗಟ್ಟಿಯಾಗಿ ಅಂಟಿಕೊಂಡರೆ ಅದು ಬೇರೆ ಮಾಲು.

ಜೀವ ಹಿಡಿದಿರುವ ಬೋಲ್ಟು ಮುಟ್ಟಬೇಡಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಎಸ್‌ಎಸ್ ತುಕ್ಕು ಹಿಡಿಯುವುದಿಲ್ಲ ನಿಜ, ಆದರೆ ಅದು ಎಲ್ಲಕ್ಕಿಂತ ಗಟ್ಟಿ ಅಲ್ಲ. ಗಾಡಿಯ ಮುಖ್ಯ ಬೋಲ್ಟುಗಳ ತಲೆಯ ಮೇಲೆ 8.8 ಅಥವಾ 10.9 ಎಂದು ಇರುತ್ತದೆ. ಅಂಗಡಿಯವರು ಇದನ್ನು ‘ಎಚ್‌ಟಿ’ ಅನ್ನುತ್ತಾರೆ. 8.8ರಲ್ಲಿ ಮೊದಲ 8ರ ಅರ್ಥ, ಒಂದು ಚದರ ಮಿಲಿಮೀಟರಿಗೆ ಸುಮಾರು 80 ಕೆಜಿ ಎಳೆತ ಬಿದ್ದಾಗ ತುಂಡಾಗುತ್ತದೆ ಎಂದು. ಎರಡನೆಯ 8ರ ಅರ್ಥ, ಅದರ ನೂರಕ್ಕೆ 80 ಭಾಗದವರೆಗೆ, ಅಂದರೆ ಸುಮಾರು 65 ಕೆಜಿವರೆಗೆ ಎಳೆದರೂ ಬಿಟ್ಟಾಗ ತನ್ನ ಉದ್ದಕ್ಕೆ ಮರಳುತ್ತದೆ ಎಂದು. ಎ2-70 ಬೋಲ್ಟು ತುಂಡಾಗುವುದು ಸುಮಾರು 70 ಕೆಜಿಗೆ. ಅಷ್ಟೇನೂ ಕಡಿಮೆ ಅಲ್ಲವಲ್ಲ ಅನಿಸುತ್ತದೆ. ಆದರೆ 45 ಕೆಜಿ ದಾಟಿದರೆ ಅದು ಹಿಗ್ಗಿ, ಹಿಗ್ಗಿದಂತೆಯೇ ಉಳಿದುಬಿಡುತ್ತದೆ, ಮಕ್ಕಳ ಚಡ್ಡಿಯ ಹಳೆ ಎಲಾಸ್ಟಿಕ್ ಹಾಗೆ. ಹಿಗ್ಗಿದ ಬೋಲ್ಟು ಮುರಿಯದಿದ್ದರೂ ಹಿಡಿತ ಬಿಡುತ್ತದೆ. ಓಡುವ ಗಾಡಿಯಲ್ಲಿ ಅಷ್ಟು ಸಾಕು ಅನಾಹುತಕ್ಕೆ.

ಆದ್ದರಿಂದ ಚಕ್ರದ ಆಕ್ಸಲ್, ಬ್ರೇಕಿಗೆ ಸಂಬಂಧಪಟ್ಟ ಯಾವುದೇ ಬೋಲ್ಟು, ಹಿಂದಿನ ಬ್ರೇಕ್ ಪ್ಲೇಟು ತಿರುಗದಂತೆ ಹಿಡಿದಿರುವ ಪಟ್ಟಿಯ ಬೋಲ್ಟು, ಶಾಕ್ ಅಬ್ಸಾರ್ಬರ್, ಹ್ಯಾಂಡಲ್, ಚೈನ್ ಸ್ಪ್ರಾಕೆಟ್, ಎಂಜಿನ್ ಕೂರಿಸಿರುವ ಬೋಲ್ಟು, ಫುಟ್‌ರೆಸ್ಟ್, ಸ್ಟ್ಯಾಂಡ್ ಇವುಗಳಿಗೆ ಎಸ್‌ಎಸ್ ಹಾಕಲೇಬೇಡಿ. ತುಕ್ಕು ಹಿಡಿದಿದ್ದರೆ ಅದೇ ನಂಬರಿನ ಹೊಸ ಬೋಲ್ಟನ್ನು ಮೆಕ್ಯಾನಿಕ್ ಕೈಯಲ್ಲಿ ಹಾಕಿಸಿ.

ಕ್ಯಾನ್ ಕ್ಯಾರಿಯರ್‌ನ ವಿಷಯದಲ್ಲಿ ನಮ್ಮವರು ಹೆಚ್ಚು ಮೋಸ ಹೋಗುತ್ತಾರೆ. ಹೊರಗಿನ ತಗಡು, ಕೊಕ್ಕೆ, ರಬ್ಬರ್ ಪಟ್ಟಿ ಹಿಡಿದಿರುವ ಸಣ್ಣ ಬೋಲ್ಟುಗಳಿಗೆ ಎಸ್‌ಎಸ್ ಒಳ್ಳೆಯದು. ಆದರೆ ಕ್ಯಾರಿಯರನ್ನೇ ಚಾಸಿಗೆ ಕಚ್ಚಿಸಿರುವ ಬೋಲ್ಟುಗಳು 8.8 ಆಗಿಯೇ ಇರಬೇಕು. ಒಂದು ಲೀಟರ್ ಹಾಲು ಒಂದು ಕೆಜಿಗಿಂತ ತುಸು ಹೆಚ್ಚೇ ತೂಗುತ್ತದೆ. 20 ಲೀಟರ್ ಕ್ಯಾನ್, ಅದರ ತೂಕ, ಮೇಲೊಂದು ಹಿಂಡಿ ಚೀಲ, ನಮ್ಮೂರಿನ ರಸ್ತೆಯ ಹೊಂಡ. ಹೊಂಡಕ್ಕೆ ಇಳಿದಾಗ ಬೋಲ್ಟಿನ ಮೇಲೆ ಬೀಳುವ ಪೆಟ್ಟು ನಿಂತಾಗಿನ ಭಾರಕ್ಕಿಂತ ಬಹಳ ಹೆಚ್ಚು.

ಹಾಗಾದರೆ ಎಲ್ಲಿ ಹಾಕಬಹುದು? ನಂಬರ್ ಪ್ಲೇಟ್, ಮಡ್‌ಗಾರ್ಡ್, ಚೈನ್ ಕವರ್, ಪಕ್ಕದ ಕವರುಗಳು, ದೀಪ, ಇಂಡಿಕೇಟರ್, ಸೀರೆ ಗಾರ್ಡ್. ಇವು ಬರೀ ಹೊದಿಕೆ ಹಿಡಿದಿರುವ ಬೋಲ್ಟುಗಳು. ಇಲ್ಲಿ ಮೊದಲಿನಿಂದ ಇರುವುದು ಹೆಚ್ಚಾಗಿ 4.8 ಅಥವಾ ನಂಬರೇ ಇಲ್ಲದ ಬೋಲ್ಟು. ಅದರ ಜಾಗದಲ್ಲಿ ಎ2-70 ಹಾಕಿದರೆ ತುಕ್ಕೂ ಇಲ್ಲ, ಬಲವೂ ಹೆಚ್ಚು. ತಲೆಯ ಮೇಲೆ 8.8 ಕಂಡರೆ ಎಲ್ಲಿದ್ದರೂ ಅದನ್ನು ಹಾಗೆಯೇ ಬಿಡಿ.

ಹಾಕುವ ಬಗೆ

ಹಳೆಯದನ್ನು ತೆಗೆಯುವ ಹಿಂದಿನ ಸಂಜೆಯೇ ತುಕ್ಕು ಬಿಡಿಸುವ ಎಣ್ಣೆ, ಇಲ್ಲವೇ ನಾಲ್ಕು ಹನಿ ಡೀಸೆಲ್ ಬಿಟ್ಟಿಡಿ. ಬ್ರೇಕ್ ಡ್ರಮ್ಮಿಗೂ ಟಯರಿಗೂ ತಾಗದಂತೆ ನೋಡಿಕೊಳ್ಳಿ. ಬೆಳಿಗ್ಗೆ ಬಾಯಿ ತೆರೆದ ಸ್ಪ್ಯಾನರ್ ಬೇಡ, ರಿಂಗ್ ಸ್ಪ್ಯಾನರ್ ಹಾಕಿ, ತಲೆ ಸವೆಯುವುದಿಲ್ಲ. ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ. ತುಕ್ಕಿನ ಹಿಡಿತ ಹಾಗೆ ಬಿಡುತ್ತದೆ. ಪೆಟ್ರೋಲ್ ಟ್ಯಾಂಕ್ ಇರುವ ಗಾಡಿಗೆ ಬೆಂಕಿ ತೋರಿಸಿ ಕಾಯಿಸುವ ಸಾಹಸ ಮನೆಯಲ್ಲಿ ಬೇಡವೇ ಬೇಡ.

ಹಳೆ ಬೋಲ್ಟನ್ನು ಅಂಗಡಿಗೆ ಒಯ್ದು ಅದೇ ದಪ್ಪ, ಅದೇ ಉದ್ದದ್ದು ತನ್ನಿ. ನಾವು ‘10 ನಂಬರ್ ಬೋಲ್ಟು’ ಅನ್ನುವುದು ಸ್ಪ್ಯಾನರಿನ ಅಳತೆ. ಬೋಲ್ಟಿನ ದಪ್ಪ 6 ಎಂಎಂ. ಅಂಗಡಿಯಲ್ಲಿ ಗೊಂದಲವಾಗುವುದು ಇಲ್ಲೇ.

ಈಗ ನಾನು ಕೈ ಸುಟ್ಟುಕೊಂಡ ಕತೆ. ಎಸ್‌ಎಸ್ ಬೋಲ್ಟಿಗೆ ಎಸ್‌ಎಸ್ ನಟ್ಟನ್ನೇ ಒಣಗಿದಂತೆಯೇ ಹಾಕಿ ಸರಸರ ತಿರುಗಿಸಿದೆ. ಅರ್ಧ ದಾರಿಯಲ್ಲಿ ಕಚ್ಚಿಕೊಂಡು ನಿಂತಿತು. ಮುಂದೂ ಹೋಗಲಿಲ್ಲ, ಹಿಂದೂ ಬರಲಿಲ್ಲ. ಕೊನೆಗೆ ಗರಗಸದಲ್ಲಿ ಕೊಯ್ಯಬೇಕಾಯಿತು. ತಮ್ಮ ಬಹಳ ನಕ್ಕ. ಎಸ್‌ಎಸ್ ಮೇಲೆ ಎಸ್‌ಎಸ್ ಉಜ್ಜಿದಾಗ ಆ ಪೊರೆ ಕಿತ್ತು ಹೋಗಿ ಎರಡೂ ಲೋಹ ಒಂದಕ್ಕೊಂದು ಬೆಸೆದುಕೊಳ್ಳುತ್ತವಂತೆ. ಥ್ರೆಡ್ಡಿಗೆ ಒಂದು ಚೂರು ಗ್ರೀಸ್ ಸವರಿ, ಕೈಯಲ್ಲಿ ನಿಧಾನವಾಗಿ ತಿರುಗಿಸಿದರೆ ಈ ಗೋಳಿಲ್ಲ. ಗ್ರೀಸ್ ಹಾಕಿದಾಗ ಜಾರುವುದರಿಂದ ಅದೇ ಬಲಕ್ಕೆ ಹೆಚ್ಚು ಬಿಗಿಯಾಗುತ್ತದೆ. ಸಣ್ಣ ಸ್ಪ್ಯಾನರ್, ಮಣಿಕಟ್ಟಿನ ಬಲ ಸಾಕು. ಒಳಗೆ ನೈಲಾನ್ ಉಂಗುರ ಇರುವ ನಟ್ಟಾದರೆ ಪ್ರತಿ ಸಲ ಹೊಸದನ್ನೇ ಹಾಕಿ.

ಎಂಜಿನ್ ಕವರಿನ ಬೋಲ್ಟಿಗೆ ಎಸ್‌ಎಸ್ ಹಾಕುವ ಆಸೆ ಕೆಲವರಿಗೆ. ಎಂಜಿನ್ ಕವರ್ ಅಲ್ಯೂಮಿನಿಯಂ. ಎಸ್‌ಎಸ್, ಅಲ್ಯೂಮಿನಿಯಂ, ನಡುವೆ ನೀರು ಸೇರಿದರೆ ಸಣ್ಣ ಬ್ಯಾಟರಿ ಹಾಗೆ ಕೆಲಸ ಮಾಡಿ ಅಲ್ಯೂಮಿನಿಯಂ ಸವೆಯುತ್ತದೆ. ಬಿಳಿ ಪುಡಿ ತುಂಬಿ ಬೋಲ್ಟು ಸಿಕ್ಕಿಕೊಳ್ಳುತ್ತದೆ. ಉದ್ದ ಹೆಚ್ಚಾದರೆ ತಳ ಮುಟ್ಟಿ ಕವರೇ ಸೀಳಬಹುದು. ಇದನ್ನು ಮೆಕ್ಯಾನಿಕ್‌ಗೆ ಬಿಡಿ, ಗ್ರೀಸ್ ಹಾಕಿ ಕೂರಿಸಲು ಮಾತ್ರ ನೆನಪಿಸಿ. ಇದರ ಉಲ್ಟಾ ಇನ್ನೂ ಕೆಟ್ಟದ್ದು: ದೊಡ್ಡ ಎಸ್‌ಎಸ್ ತಗಡಿನ ಕ್ಯಾರಿಯರಿಗೆ ನಾಲ್ಕು ಸಣ್ಣ ಕಬ್ಬಿಣದ ಬೋಲ್ಟು ಹಾಕಿದರೆ ಆ ನಾಲ್ಕೂ ಬಹಳ ಬೇಗ ತುಕ್ಕಾಗುತ್ತವೆ. ಅಲ್ಲಿ ಚಾಸಿಯ ಬೋಲ್ಟು 8.8 ಇರಲೇಬೇಕಾದ್ದರಿಂದ ನಡುವೆ ರಬ್ಬರ್ ಇಲ್ಲವೇ ನೈಲಾನ್ ವಾಷರ್ ಇಟ್ಟು, ಹೊರಗೆ ಕಾಣುವ ಥ್ರೆಡ್ಡಿಗೆ ಗ್ರೀಸ್ ಬಳಿದು, ವರ್ಷಕ್ಕೊಮ್ಮೆ ಬಿಚ್ಚಿ ನೋಡಿ.

ಎಸ್‌ಎಸ್ ಬೋಲ್ಟನ್ನು ಕಬ್ಬಿಣದ ತಂತಿ ಬ್ರಷ್‌ನಿಂದ ಉಜ್ಜಬೇಡಿ. ಕಬ್ಬಿಣದ ಕಣ ಅದರ ಮೇಲೆ ಕೂತು ಅದೇ ತುಕ್ಕಿನ ಕಲೆಯಾಗುತ್ತದೆ. ಬ್ಲೀಚಿಂಗ್ ಪುಡಿಯ ನೀರೂ ತಾಗಬಾರದು, ಸಣ್ಣ ಗುಳಿ ಬೀಳುತ್ತವೆ. ಹಾಲಿನ ಸ್ಟೀಲ್ ಕ್ಯಾನಿಗೂ ಈ ಎರಡು ಮಾತು ಅನ್ವಯಿಸುತ್ತವೆ.

ಮೇವು ಕತ್ತರಿಸುವ ಯಂತ್ರ ಇರುವವರಿಗೆ ಒಂದು ಮಾತು. ಅದರ ಬ್ಲೇಡಿನ ಬೋಲ್ಟು ತುಕ್ಕು ಹಿಡಿಯಿತೆಂದು ಅಂಗಡಿಯ ಎಸ್‌ಎಸ್ ಬೋಲ್ಟು ಹಾಕಬೇಡಿ. ಅದು ತಿರುಗುವಾಗ ಕಿತ್ತು ಬಂದರೆ ಎದುರಿಗಿರುವುದು ಮೇವು ಕೊಡುತ್ತಿರುವ ನಿಮ್ಮ ಕೈ. ಯಂತ್ರ ಮಾಡಿದವರು ಕೊಟ್ಟ ಬೋಲ್ಟನ್ನೇ ತರಿಸಿ.

ಗಾಡಿಗೆ ಹೊಸ ಬೋಲ್ಟು ಹಾಕಿ ಒಂದು ವಾರ ಹಾಲು ಸಾಗಿಸಿದ ಮೇಲೆ ಮತ್ತೊಮ್ಮೆ ಸ್ಪ್ಯಾನರ್ ಹಿಡಿದು ಎಲ್ಲವನ್ನೂ ಮುಟ್ಟಿ ನೋಡಿ. ಹೊಸದಾಗಿ ಕೂತ ಬೋಲ್ಟು ಅಲುಗಾಟಕ್ಕೆ ತುಸು ಸಡಿಲಾಗಬಹುದು. ತೆಗೆದ ಹಳೆ ಬೋಲ್ಟುಗಳಲ್ಲಿ ಚೆನ್ನಾಗಿರುವ ಒಂದೆರಡನ್ನು ಎಣ್ಣೆ ಹಚ್ಚಿ, ಟೂಲ್ ಬಾಕ್ಸಿನಲ್ಲಿ 10 ನಂಬರ್ ಸ್ಪ್ಯಾನರಿನ ಜೊತೆ ಇಟ್ಟಿರಿ.