ಇಸಿಜಿ ಸರಿಯಿದೆ, ಕೆಮ್ಮು ಯಾಕೆ?

ದೊಡ್ಮನೆ ಕಡೆಯ ಓದುಗರೊಬ್ಬರ ಮನೆಯ 11 ವರ್ಷದ ಪಾಮರೇನಿಯನ್‌ಗೆ ರಾತ್ರಿಯಾದರೆ ಕೆಮ್ಮು. ಇಸಿಜಿ ನಾರ್ಮಲ್ ಬಂದಿದೆ. ಹೃದಯದ ಚಿಂತೆ ಬಿಡಬಹುದೇ ಎಂಬುದು ಅವರ ಪ್ರಶ್ನೆ.

ಈಗಲೇ ಬಿಡುವಂತಿಲ್ಲ.

ಇಸಿಜಿ ಮುಖ್ಯವಾಗಿ ಹೇಳುವುದು ಬಡಿತದ ಲಯವನ್ನು. 1909ರಲ್ಲಿ ಲಂಡನ್ನಿನಲ್ಲಿ ವಿಜ್ಞಾನಿ ವಾಲರ್ ತಮ್ಮ ಬುಲ್‌ಡಾಗ್ ಜಿಮ್ಮಿಯ ಕಾಲುಗಳನ್ನು ಉಪ್ಪುನೀರಿನಲ್ಲಿ ನಿಲ್ಲಿಸಿ ತೋರಿಸಿದ್ದೂ ಇದನ್ನೇ. ಆದರೆ ವಯಸ್ಸಾದ ಸಣ್ಣ ತಳಿಯ ನಾಯಿಗಳಲ್ಲಿ ಹೆಚ್ಚಾಗಿ ಕೆಡುವುದು ಹೃದಯದ ಮೈಟ್ರಲ್ ಕವಾಟ. ಅದು ದಪ್ಪಗಾಗಿ, ಸರಿಯಾಗಿ ಮುಚ್ಚದೆ, ರಕ್ತ ಹಿಂದಕ್ಕೆ ಸೋರುತ್ತದೆ. ಆ ಸೋರಿಕೆಯ ಸದ್ದು ಮೊದಲು ಸಿಗುವುದು ಸ್ಟೆತಾಸ್ಕೋಪಿಗೆ. ಹೃದಯ ಹಿಗ್ಗಿದೆಯೇ, ಶ್ವಾಸಕೋಶದಲ್ಲಿ ನೀರಿದೆಯೇ ಎಂಬುದನ್ನು ಎದೆಯ ಎಕ್ಸ್‌ರೇ ಹೇಳುತ್ತದೆ. ಪಾಮರೇನಿಯನ್‌ಗಳಿಗೆ ಶ್ವಾಸನಾಳ ಕುಗ್ಗಿಯೂ ಕೆಮ್ಮು ಬರುವುದುಂಟು, ಅದನ್ನೂ ನೋಡಿಸಬೇಕು.

ಕವಾಟವನ್ನೇ ಕಣ್ಣಿಗೆ ಕಾಣಿಸುವುದು ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್. ಸಾಮಾನ್ಯವಾಗಿ ಅರಿವಳಿಕೆ ಬೇಡ. ಎದೆಯ ಪಕ್ಕದ ಕೂದಲು ಬೋಳಿಸಿ, ಜೆಲ್ ಹಚ್ಚಿ, ಮಗ್ಗುಲಾಗಿ ಮಲಗಿಸುತ್ತಾರೆ; ಮನೆಯವರೇ ತಲೆ ಸವರುತ್ತ ಹಿಡಿದುಕೊಂಡರಾಯಿತು. ಇಲ್ಲಿ ಸಿಗುವ ಅಳತೆಗೆ ಬೆಲೆಯಿದೆ: 2016ರ ಎಪಿಕ್ ಅಧ್ಯಯನದಲ್ಲಿ, ಹೃದಯ ಹಿಗ್ಗಿದ್ದರೂ ಲಕ್ಷಣವಿಲ್ಲದ ನಾಯಿಗಳಿಗೆ ಪೈಮೊಬೆಂಡಾನ್ ಕೊಟ್ಟಾಗ ಹೃದಯ ವೈಫಲ್ಯ ಸುಮಾರು 15 ತಿಂಗಳು ಮುಂದಕ್ಕೆ ಹೋಯಿತು. ಹಿಗ್ಗದ ಹೃದಯಕ್ಕೆ ಆ ಮಾತ್ರೆ ಸುಮ್ಮನೆ ಖರ್ಚು.

ಊರಿನ ಪಶುವೈದ್ಯರ ಚೀಟಿ ಪಡೆದು ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಫೋನ್ ಮಾಡಿ, ಎಕೋ ಆಗುತ್ತದೆಯೇ, ಯಾವ ದಿನ ಎಂದು ಕೇಳಿಕೊಂಡೇ ಹೊರಡುವುದು ಮೇಲು. ಇಲ್ಲವಾದರೆ ಬೆಂಗಳೂರಿನ ಹೆಬ್ಬಾಳದ ಕಾಲೇಜಿದೆ.

ಅಲ್ಲಿಯವರೆಗೆ ಜಗಲಿಯಲ್ಲಿ ನಾಯಿ ಗಾಢ ನಿದ್ದೆಯಲ್ಲಿದ್ದಾಗ ಉಸಿರು ಎಣಿಸಲಿ. ಎದೆ ಏರಿ ಇಳಿದರೆ ಒಂದು. ನಿಮಿಷಕ್ಕೆ 30 ದಾಟುತ್ತಲೇ ಇದ್ದರೆ ಅಂದೇ ವೈದ್ಯರಿಗೆ ತಿಳಿಸಬೇಕು. ಮನೆಯ ಕೆಮ್ಮಿನ ಸಿರಪ್ ಮಾತ್ರ ಕುಡಿಸಬಾರದು.