ನೆರೂಳದ ಚರಂಡಿಗೊಂದು ನಕಾಶೆ

ನಕಾಶೆ ಅಂದರೆ ನಮಗೆ ನದಿ, ಗಡಿ, ರಾಜಧಾನಿ. ಚರಂಡಿಗೂ ನಕಾಶೆ ಬೇಕು ಅಂತ ನನಗೆ ಹೊಳೆದದ್ದು ನೆರೂಳದ ಮಳೆಯಲ್ಲಿ.

೧೯೭೦ರಲ್ಲಿ ಸ್ಥಾಪನೆಯಾದ ಸಿಡ್ಕೊ, ಠಾಣೆ ಖಾಡಿಯ ಅಂಚಿನ ತಗ್ಗು ನೆಲವನ್ನೂ ಸೇರಿಸಿಕೊಂಡು ನವಿ ಮುಂಬಯಿಯನ್ನು ಕಟ್ಟಿತು. ಅದಕ್ಕೇ ಡಚ್ಚರ ಮಾದರಿಯಲ್ಲಿ ಮಳೆನೀರು ತಡೆಯುವ ಕೊಳಗಳನ್ನು ಮಾಡಿದರು. ಉಬ್ಬರ ಬಂದಾಗ ಕೊಳದ ಬಾಯಿಯ ಬಾಗಿಲು ಮುಚ್ಚಿಕೊಳ್ಳುತ್ತದೆ, ಮಳೆನೀರು ಒಳಗೇ ಕಾಯುತ್ತದೆ. ಇಳಿತವಾದಾಗ ಖಾಡಿಗೆ ಹೋಗುತ್ತದೆ. ಆದರೆ ಎಷ್ಟೋ ಕೊಳಗಳಲ್ಲಿ ಹೂಳು ತುಂಬಿ ಕಾಂಡ್ಲಾ ಗಿಡ ಬೆಳೆದಿದೆ. ನೀರಿಗೆ ಜಾಗ ಸಾಲದು.

ಇಲ್ಲಿ ನೆರವಿಗೆ ಬರುವುದು ಜಿ.ಐ.ಎಸ್., ಅಂದರೆ ಭೂಮಾಹಿತಿ ವ್ಯವಸ್ಥೆ. ಕಾಗದದಲ್ಲಿ ಚರಂಡಿ ಬರೇ ಒಂದು ಗೆರೆ. ಕಂಪ್ಯೂಟರಿನಲ್ಲಿ ಆ ಗೆರೆಗೆ ಒಂದು ಪಟ್ಟಿ ಅಂಟಿರುತ್ತದೆ: ಅಗಲ, ಆಳ, ಎರಡೂ ತುದಿಯ ತಳಮಟ್ಟ, ಹೂಳು ತೆಗೆದ ದಿನ. ಅದರ ಮೇಲೆ ನೆಲದ ಎತ್ತರ, ರಸ್ತೆ, ಕೊಳ, ಹೀಗೆ ಪದರ ಪದರವಾಗಿ ಹಾಸಬಹುದು. ಆಮೇಲೆ ಕೇಳಬಹುದು: ಯಾವ ಚರಂಡಿಯ ತಳ ಉಬ್ಬರದ ಮಟ್ಟಕ್ಕಿಂತ ಕೆಳಗಿದೆ? ನೀರು ನಿಂತು ನೆಲಮಹಡಿಯ ಮನೆಗೆ ನುಗ್ಗುವ ಭಯ ಅಲ್ಲೇ ಹೆಚ್ಚು.

೨೦೦೫ರ ಜುಲೈ ೨೬ರಂದು ಸಾಂತಾಕ್ರೂಜ್‌ನಲ್ಲಿ ೨೪ ಗಂಟೆಯಲ್ಲಿ ೯೪೪ ಮಿಲಿಮೀಟರ್ ಮಳೆ ಸುರಿಯಿತು. ಅಂಥ ದಿನ ಮಳೆಯ ಲೆಕ್ಕದ ಜೊತೆ ಉಬ್ಬರದ ವೇಳೆಯನ್ನೂ ನೋಡಬೇಕು.

ಒಂದು ಮಾತು ಮರೆಯಬಾರದು. ತಳಮಟ್ಟ ಯಂತ್ರಕ್ಕೆ ತಾನಾಗಿ ತಿಳಿಯದು. ಯಾರೋ ಮ್ಯಾನ್‌ಹೋಲ್ ಮುಚ್ಚಳ ತೆಗೆದು ಅಳೆಯಬೇಕು. ಅಳತೆ ತಪ್ಪಿದರೆ ಪರದೆಯ ಮೇಲೆ ನೀರು ಏರು ಹತ್ತೀತು! ಓಲೆಗರಿ ನೋಡದೆ ಹಳಗನ್ನಡ ಕಾವ್ಯದ ಪಾಠ ತಿದ್ದಲಾಗದು. ಚರಂಡಿಗೆ ಇಣುಕದೆ ಅದರ ನಕಾಶೆಯನ್ನೂ ತಿದ್ದಲಾಗದು.